ಐದು ಟಿಕೆಟ್ಟು, ಆರನೆಯ ‘ಅವರು’

ನಮ್ಮ ಭಾವ ಸಿಟಿ ಬಸ್ಸುಗಳಲ್ಲಿ ಚೆಕಿಂಗ್ ಇನ್‌ಸ್ಪೆಕ್ಟರ್. ಇಪ್ಪತ್ತೆರಡು ವರ್ಷಗಳಿಂದ ಒಂದೇ ಕೆಲಸ. ಹೇಳದೆ ಕೇಳದೆ ಬಸ್ಸು ಹತ್ತುವುದು, ತಲೆ ಎಣಿಸುವುದು, ಕಂಡಕ್ಟರ್ ಹರಿದುಕೊಟ್ಟ ಟಿಕೆಟ್ಟಿಗೂ ಒಳಗಿರುವ ತಲೆಗಳಿಗೂ ತಾಳೆಯಾಗುತ್ತದೋ ಇಲ್ಲವೋ ನೋಡುವುದು. ತಾಳೆಯಾಗದಿದ್ದರೆ ಯಾರೋ ಒಬ್ಬ ಸಿಕ್ಕಿಬೀಳುತ್ತಾನೆ. ತಾಳೆಯಾದರೆ ಭಾವನಿಗೆ ಒಳಗೊಳಗೇ ಕಸಿವಿಸಿ. ಎಲ್ಲೋ ಏನೋ ಕಣ್ತಪ್ಪಿದೆ ಅಂತ ಇನ್ನೊಂದು ಸ್ಟಾಪಿನವರೆಗೂ ಅದೇ ಬಸ್ಸಿನಲ್ಲಿ ನಿಂತಿರುತ್ತಾರೆ.

ಈ ಗುಣವನ್ನು ಯೂನಿಫಾರ್ಮಿನ ಜೊತೆ ಕಳಚಿಟ್ಟು ಮನೆಯೊಳಗೆ ಬರುವ ಪೈಕಿ ಅಲ್ಲ ನಮ್ಮ ಭಾವ. ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ಎರಡು ಔಷಧಿ ಅಂಗಡಿಗಳಲ್ಲಿ ವಿಚಾರಿಸಿಯೇ ನುಂಗುವುದು. ಫ್ರಿಜ್ಜಿನ ಬಾಗಿಲು ಹಾಕಿದ ಮೇಲೆ ಒಳಗಿನ ದೀಪ ನಿಜವಾಗಿಯೂ ಆರುತ್ತದೋ ಅಂತ ಒಂದು ಭಾನುವಾರ ಪೂರ್ತಿ ಅದರ ಮುಂದೆ ಕೂತಿದ್ದರು. ನಾನು ಅಕ್ಕನ ಮನೆಯ ಮಹಡಿಯ ಕೋಣೆಯಲ್ಲಿ ಇರುವವಳು, ಊರಿನ ಗ್ರಂಥಾಲಯದಲ್ಲಿ ಸಹಾಯಕಿ. ನನ್ನ ಕೋಣೆಗೆ ಯಾರು ಬಂದರು, ಯಾರು ಹೋದರು ಎಂಬುದು ನನಗಿಂತ ಮುಂಚೆ ಭಾವನಿಗೆ ಗೊತ್ತಿರುತ್ತದೆ. ನನಗೆ ಸಿಟ್ಟು ಬರುವುದು ಅದಕ್ಕಲ್ಲ. ‘ಯಾರೂ ಬರಲಿಲ್ಲ’ ಅಂದರೂ ನಂಬುವುದಿಲ್ಲವಲ್ಲ, ಅದಕ್ಕೆ.

ಆದರೆ ಇಬ್ಬರು ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಮನುಷ್ಯ ಬೆಣ್ಣೆ. ದೊಡ್ಡವಳಿಗೆ ಹದಿನೇಳು, ಚಿಕ್ಕವಳಿಗೆ ಹದಿನಾಲ್ಕು. ಇಬ್ಬರೂ ಅಪ್ಪನನ್ನು ಏಕವಚನದಲ್ಲಿ ಮಾತಾಡಿಸುವುದು. ‘ಅಪ್ಪ ಬಂದ’, ‘ನೀನು ಸುಮ್ನಿರಪ್ಪ, ನಿಂಗೇನೂ ಗೊತ್ತಾಗಲ್ಲ’. ಹಾಗೆ ಕಲಿಸಿದ್ದು ಸ್ವತಃ ಭಾವನೇ. ತಮ್ಮ ಅಪ್ಪನನ್ನು ಸಾಯುವ ತನಕ ‘ತಾವು, ತಮಗೆ’ ಅಂದುಕೊಂಡು, ಮಾತಾಡುವುದಿದ್ದರೆ ಬಾಗಿಲ ಮರೆಯಲ್ಲಿ ನಿಂತು ಮಾತಾಡಿದವರು. ಬಂದ ನೆಂಟರು ಯಾರಾದರೂ ಹುಬ್ಬೇರಿಸಿದರೆ ಭಾವನಿಗೆ ಇನ್ನೂ ಖುಷಿ. “ಬಹುವಚನ ಡಿಪೋದಲ್ಲಿ ಬೇಕಾದಷ್ಟು ಸಿಗುತ್ತೆ ಕಣ್ರೀ. ಮನೇಲಿ ನಾನು ಬರೀ ಅಪ್ಪ” ಅನ್ನುತ್ತಿದ್ದರು. ಮನೆಯಲ್ಲಿ ಬಹುವಚನ ಕೊಡುವವರು ನಾನು, ಅಕ್ಕ ಇಬ್ಬರೇ. ನಮ್ಮದು ಲೆಕ್ಕಕ್ಕಿಲ್ಲ.

ಪ್ರವಾಸದ ಮಾತು ಹುಟ್ಟಿದ್ದು ನಾನು ಗ್ರಂಥಾಲಯದಿಂದ ತಂದ ಭೂಪಟದ ಪುಸ್ತಕದಿಂದ. ಬೇರೆ ದೇಶಗಳೆಲ್ಲ ಒಂದೊಂದು ಪುಟದಲ್ಲಿ ಮುಗಿದರೆ ಒಂದು ದೇಶಕ್ಕೆ ಮಾತ್ರ ನಾಲ್ಕು ಪುಟ ಬೇಕಾಗಿತ್ತು. ಅದರಲ್ಲೂ ಎರಡು ಪುಟ ಬರೀ ಬಯಲು. ಊರಿನ ಹೆಸರಿಲ್ಲ, ನದಿಯಿಲ್ಲ, ಒಂದು ರೈಲು ದಾರಿ ಮಾತ್ರ ಎಳೆದ ಗೆರೆಯ ಹಾಗೆ ಆಚೆ ತುದಿಯಿಂದ ಈಚೆ ತುದಿಗೆ ಹೋಗಿತ್ತು. ಆ ರೈಲು ಎರಡು ದಿನ ಓಡುತ್ತದೆ, ಮಧ್ಯೆ ಒಂದೇ ಒಂದು ನಿಲ್ದಾಣ ಅಂತ ದೊಡ್ಡವಳು ಎಲ್ಲೋ ಓದಿ ತಿಳಿದುಕೊಂಡಳು. ಅವತ್ತಿನಿಂದ ಅವಳ ಬಾಯಲ್ಲಿ ಅದೇ ರೈಲು.

ಭಾವ ಒಪ್ಪುತ್ತಾರೆ ಅಂತ ನಾವು ಯಾರೂ ಅಂದುಕೊಂಡಿರಲಿಲ್ಲ. ಒಪ್ಪಿದರು. ಕಾರಣ ನನಗೊಬ್ಬಳಿಗೇ ಹೇಳಿದ್ದು, ಅದೂ ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡು. “ರಜೆ ಮುಗಿದ ಮೇಲೆ ದೊಡ್ಡವಳು ಹಾಸ್ಟೆಲ್‌ಗೆ ಹೋಗ್ತಾಳೆ. ನಾಲ್ಕು ವರ್ಷ ಓದು, ಆಮೇಲೆ ಕೆಲಸ. ಇನ್ಮೇಲೆ ಬಂದ್ರೂ ನೆಂಟರ ಥರ ಬ್ಯಾಗ್ ಹಿಡ್ಕೊಂಡು ಬರೋದು. ಇದೊಂದು ಸಲ, ನಲವತ್ತು ದಿನ, ಮಕ್ಕಳು ನನ್ನ ಜೊತೆ ಇದ್ದುಬಿಡ್ಲಿ.” ಇಪ್ಪತ್ತೆರಡು ವರ್ಷದಿಂದ ಕೂಡಿಟ್ಟ ರಜೆಯನ್ನೆಲ್ಲ ಒಟ್ಟಿಗೇ ಬರೆದುಕೊಟ್ಟರು. ಡಿಪೋದಲ್ಲಿ ಎಲ್ಲರಿಗೂ ಸಂತೋಷವಾಯಿತು. ಭಾವ ಆ ಸಂತೋಷವನ್ನೂ ಅನುಮಾನಿಸಿದರು.

ಅಲ್ಲಿಂದ ಶುರುವಾಯಿತು ನಮ್ಮ ಗ್ರಹಚಾರ. ಪ್ರವಾಸದ ಕಚೇರಿಯ ಏಜೆಂಟು ಪಾಪದ ಮನುಷ್ಯ, ಮೃದುವಾಗಿ ಮಾತಾಡುವವನು. ಮೃದುವಾಗಿ ಮಾತಾಡುತ್ತಾನೆ ಅನ್ನುವುದೇ ಭಾವನ ಮೊದಲ ಆಕ್ಷೇಪ. ಎರಡನೆಯದು ವಿಮಾನದ ಹೊತ್ತು.

“ಹೊರಡೋದು ಆರು ಗಂಟೆಗೆ, ತಲುಪೋದು ಐದೂವರೆಗೆ ಅಂತ ಬರ್ದಿದ್ದೀರಿ. ಯಾರ ಕಿವಿ ಮೇಲೆ ಹೂ ಇಡ್ತಿದ್ದೀರಿ?”

“ಸಾರ್, ಆ ದೇಶ ತುಂಬಾ ದೊಡ್ಡದು. ಪೂರ್ವದ ಕಡೆ ಒಂದು ಟೈಮು, ಪಶ್ಚಿಮದ ಕಡೆ ಇನ್ನೊಂದು ಟೈಮು.”

“ಒಂದೇ ದೇಶ, ಒಂದೇ ಸರ್ಕಾರ, ಟೈಮ್ ಮಾತ್ರ ಬೇರೆ ಬೇರೆನಾ? ನಮ್ಮ ಡ್ರೈವರ್‌ಗಳು ಹೀಗೆ ಹೇಳಿದ್ರೆ ಮೆಮೊ ಕೊಡ್ತೀನಿ ನಾನು.”

ಅವನ ಮಾತು ಸರಿಯೋ ಅಂತ ಬೇರೆ ಮೂರು ಕಚೇರಿಗಳಿಗೆ ಹೋಗಿ, ಒಂದೊಂದರಲ್ಲಿ ಒಂದೊಂದು ವೃತ್ತಿ ಹೇಳಿಕೊಂಡು ಅದನ್ನೇ ಕೇಳಿ ಬಂದರು. ಒಂದು ಕಡೆ ದಂತವೈದ್ಯರಾಗಿದ್ದರಂತೆ. ಅಲ್ಲಿನ ಹುಡುಗಿ ಹಲ್ಲು ತೋರಿಸಿದಳಂತೆ. ತಂಗಬೇಕಾದ ಲಾಡ್ಜಿನವರಿಗೆ ನನ್ನ ಕೈಯಲ್ಲಿ ಪತ್ರ ಬರೆಸಿದರು. ಕೋಣೆಯ ಕಿಟಕಿ ತೆರೆಯುತ್ತದೆಯೇ, ತೆರೆಯುವುದಾದರೆ ತೆರೆದಿರುವಾಗ ತೆಗೆದ ಫೋಟೋ ಕಳಿಸಿ ಅಂತ. ಅವರು ಕಳಿಸಿದರು. ಇದು ಅದೇ ಕೋಣೆ ಅನ್ನುವುದಕ್ಕೆ ಏನು ಗ್ಯಾರಂಟಿ ಅಂತ ಮತ್ತೊಂದು ಪತ್ರ ಬರೆಸಲು ಬಂದಾಗ ನಾನು ಪೆನ್ನು ಎಸೆದು ಮಹಡಿ ಹತ್ತಿದೆ.

ಆಮೇಲೆ ಟ್ರಿಪ್ ಶೀಟು. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕು, ಎಲ್ಲಿ ಎಷ್ಟು ನಿಮಿಷ ನಿಲ್ಲಬೇಕು ಅಂತ ಡಿಪೋದಲ್ಲಿ ಡ್ರೈವರಿಗೆ ಕೊಡುವ ಹಾಳೆ ಅದು. ಭಾವ ನಲವತ್ತು ದಿನಕ್ಕೆ ನಲವತ್ತು ಹಾಳೆ ಮಾಡಿದರು. ಐದೂ ನಲವತ್ತಕ್ಕೆ ಏಳುವುದು. ಬಚ್ಚಲಿಗೆ ತಲೆಗೆ ಹತ್ತು ನಿಮಿಷ. ‘ಸುಮ್ಮನೆ ನೋಡುವುದು’ ಅಂತ ಒಂದು ಸಾಲಿತ್ತು, ಅದಕ್ಕೆ ಇಪ್ಪತ್ತು ನಿಮಿಷ. ದೊಡ್ಡವಳು ಹಾಳೆಗಳನ್ನು ಒಂದೊಂದಾಗಿ ತಿರುವಿ ಹದಿನೇಳನೆಯದರಲ್ಲಿ ನಿಂತಳು.

“ಅಪ್ಪ, ರೈಲೆಲ್ಲಿ?”

“ಅದು ಕ್ಯಾನ್ಸಲ್. ವಿಮಾನದಲ್ಲಿ ಹೋಗೋಣ. ಎರಡು ದಿನ ಇಳಿಯೋಕೆ ಜಾಗವೇ ಇಲ್ಲದ ಗಾಡೀಲಿ ನನ್ನ ಮಕ್ಕಳನ್ನ ಕೂರಿಸಲ್ಲ ನಾನು. ಯಾರು ಹತ್ತುತ್ತಾರೋ, ಎಂಥವರೋ.”

ಅವಳು ಜಗಳವಾಡಲಿಲ್ಲ. ಹಾಳೆಯನ್ನು ನೀಟಾಗಿ ಜೋಡಿಸಿ ಮೇಜಿನ ಮೇಲಿಟ್ಟು ಒಳಗೆ ಹೋದಳು. ಹದಿನೇಳರ ಹುಡುಗಿ ಜಗಳವಾಡದೆ ಎದ್ದುಹೋದರೆ ಯಾವ ತಂದೆಗಾದರೂ ಅನುಮಾನ ಬರಬೇಕು. ಊರಿಗೆಲ್ಲ ಅನುಮಾನ ಪಡುವ ನಮ್ಮ ಭಾವನಿಗೆ ಅವತ್ತು ಬರಲಿಲ್ಲ. “ನೋಡು, ಎಷ್ಟು ತಿಳುವಳಿಕೆ ನನ್ನ ಮಗಳಿಗೆ” ಅಂತ ಅಕ್ಕನ ಮುಂದೆ ಹೆಮ್ಮೆಪಟ್ಟರು.

ಒಂದು ವಾರ ಕಳೆದಿರಬೇಕು. ಸಂಜೆ ನಾನು ಕೆಲಸದಿಂದ ಬಂದು ಬೀಗ ತೆಗೆಯುತ್ತಿದ್ದೆ. ಭಾವ ಮೆಟ್ಟಿಲ ಮೇಲೆ ಬೆಕ್ಕಿನ ಹೆಜ್ಜೆ ಇಟ್ಟುಕೊಂಡು ಬಂದು, ನನ್ನನ್ನು ಒಳಗೆ ದಬ್ಬಿ ಬಾಗಿಲು ಹಾಕಿದರು. ಮುಖ ಬಿಳಚಿಕೊಂಡಿತ್ತು.

“ಲೈಬ್ರರಿ, ಕೂತ್ಕೋ. ಒಂದು ವಿಷಯ ಇದೆ.” ನನ್ನನ್ನು ಹಾಗೇ ಕರೆಯುವುದು.

ಹುಡುಗಿಯರ ಕೋಣೆಯ ಬಾಗಿಲು ಅರ್ಧ ತೆರೆದಿತ್ತಂತೆ. ಮಾತು ಕೇಳಿಸಿತಂತೆ. ಕೇಳಿಸಿತು ಅಂದರೆ ಇವರು ನಿಂತು ಕೇಳಿಸಿಕೊಂಡರು ಅಂತ ಅರ್ಥ. ದೊಡ್ಡವಳು ಹೇಳಿದಳಂತೆ: “ಅವರು ಹದಿನಾರು ದಿನ ಜೊತೆಗೇ ಇರ್ತಾರಲ್ಲ, ಸಾಲ್ದಾ?” ಚಿಕ್ಕವಳು: “ಆಮೇಲೆ ಅವರನ್ನ ಏನ್ಮಾಡೋದು?” ದೊಡ್ಡವಳು: “ಏನಾದ್ರೂ ನೆಪ ಹೇಳಿ ಆ ಊರಲ್ಲೇ ಉಳಿಸ್ಬಿಡೋದು.” ಚಿಕ್ಕವಳು: “ಅಮ್ಮಂಗೆ ಹೇಳೋಣ್ವಾ?” ದೊಡ್ಡವಳು: “ಬೇಡ್ವೇ ಬೇಡ. ಅಮ್ಮ ಹೇಳ್ಬಿಡ್ತಾಳೆ.”

“ಅಮ್ಮ ಹೇಳ್ಬಿಡ್ತಾಳೆ ಅಂದ್ರೆ ನನಗೆ ಹೇಳ್ಬಿಡ್ತಾಳೆ ಅಂತ” ಅಂದರು ಭಾವ. “ಅಂದ್ರೆ ನನಗೆ ಗೊತ್ತಾಗಬಾರದ ಒಬ್ಬರು ನಮ್ಮ ಜೊತೆ ಬರ್ತಿದ್ದಾರೆ. ಟಿಕೆಟ್ ಐದು. ನಾನು, ನಿಮ್ಮಕ್ಕ, ನೀನು, ಮಕ್ಕಳಿಬ್ಬರು. ಹಾಗಾದ್ರೆ ಈ ‘ಅವರು’ ಯಾರು? ಟಿಕೆಟ್ಟಿಲ್ಲದ ಆರನೇ ತಲೆ!”

ನಮ್ಮ ಭಾಷೆಯ ಈ ಶಬ್ದ ಎಷ್ಟು ಕಳ್ಳ ಶಬ್ದ ಅಂತ ನನಗೆ ಅವತ್ತೇ ತಿಳಿದಿದ್ದು. ‘ಅವರು’ ಅಂದರೆ ಒಬ್ಬರೂ ಆಗಬಹುದು, ಹತ್ತು ಜನವೂ ಆಗಬಹುದು. ಗಂಡೋ ಹೆಣ್ಣೋ ಹೇಳುವುದಿಲ್ಲ. ಎಷ್ಟು ತಿರುಗಿಸಿ ನೋಡಿದರೂ ಮುಖ ತೋರಿಸುವುದಿಲ್ಲ. ಭಾವ ಅದನ್ನು ಹಿಡಿದುಕೊಂಡು ತನಿಖೆಗೆ ಇಳಿದರು.

“ಕಾಲೇಜು ಹುಡುಗನಾದ್ರೆ ‘ಅವನು’ ಅಂತಿದ್ರು. ಬಹುವಚನ ಕೊಡ್ತಿದ್ದಾರೆ ಅಂದ್ರೆ ವಯಸ್ಸಾದವನೇ. ಮೂವತ್ತಾದ್ರೂ ದಾಟಿರ್ಬೇಕು.” ಹೀಗೆ ಹೇಳಿ ತಮ್ಮ ಮಾತಿಗೆ ತಾವೇ ಬೆವರಿದರು.

ಮೊದಲ ಅನುಮಾನ ಗಣಿತದ ಟ್ಯೂಷನ್ ಮೇಷ್ಟ್ರ ಮೇಲೆ. ಹುಡುಗಿಯರು ಅವರಿಗೆ ಬಹುವಚನ ಕೊಡುತ್ತಾರೆ, ಸಾಲದ್ದಕ್ಕೆ ಮೇಷ್ಟ್ರು ಬ್ರಹ್ಮಚಾರಿ. ಭಾವ ನೇರವಾಗಿ ಅವರ ಮನೆಗೇ ಹೋದರು. ಮೇಷ್ಟ್ರು ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದರಂತೆ.

“ರಜೆಗೆ ಎಲ್ಲಾದ್ರೂ ದೂರ ಹೋಗ್ತೀರಾ ಮೇಷ್ಟ್ರೇ?”

“ಈ ಮಂಡಿ ಇಟ್ಕೊಂಡು ಎಲ್ಲಿಗೆ ಹೋಗ್ಲಿ ಸಾರ್? ಅಂಗಡಿಗೆ ಹೋಗೋದೇ ದೂರ ನನಗೆ.”

ಮಂಡಿಯನ್ನು ಒತ್ತಿ ನೋಡಿ, ಮೇಷ್ಟ್ರು ಕೂಗಿಕೊಂಡ ಮೇಲೆ ಸಮಾಧಾನವಾಗಿ ಬಂದರು. ಎರಡನೆಯ ಅನುಮಾನ ಏಜೆಂಟಿನ ಮೇಲೆ. ಅವನೋ ಆಗಲೇ ಕೆಲಸ ಬಿಟ್ಟು ಬೇರೆ ಊರಿಗೆ ಹೋಗುವ ಯೋಚನೆಯಲ್ಲಿದ್ದ. ಬಹುಶಃ ಭಾವನಿಂದಲೇ. ಮೂರನೆಯದು ದೊಡ್ಡವಳ ಗೆಳತಿಯ ಅಣ್ಣ, ನಾಲ್ಕನೆಯದು ಎದುರು ಮನೆಯ ಫೋಟೋಗ್ರಾಫರ್. ಹೀಗೆ ಬೀದಿಯಲ್ಲಿ ಮೂವತ್ತು ದಾಟಿದ ಗಂಡಸರೆಲ್ಲ ಒಂದು ಸುತ್ತು ತನಿಖೆಯಾದ ಮೇಲೆ ಒಂದು ಸಂಜೆ ಮತ್ತೆ ನನ್ನ ಬಾಗಿಲಲ್ಲಿ ನಿಂತರು.

“ಲೈಬ್ರರಿ, ತಪ್ಪು ತಿಳ್ಕೋಬೇಡ. ಹೆಂಗಸರು ಬರೀ ‘ಅವರು’ ಅಂದ್ರೆ... ನಿಮ್ಮಕ್ಕ ನನ್ನನ್ನ ಹಾಗೇ ತಾನೇ ಅನ್ನೋದು? ನಿನಗೇನಾದ್ರೂ... ಒಬ್ಬರು... ‘ಅವರು’...”

ನನಗೆ ನಲವತ್ತೊಂದು ವಯಸ್ಸು. ನಖಶಿಖಾಂತ ಉರಿದುಹೋಯಿತು. “ಇದ್ದಿದ್ರೆ ನಿಮ್ಮ ಐದೂ ನಲವತ್ತರ ಪ್ರವಾಸಕ್ಕೆ ಕರ್ಕೊಂಡು ಬರ್ತಿದ್ನಾ ಭಾವ? ಇಲ್ಲಿಂದಲೇ ಓಡಿಹೋಗ್ತಿದ್ದೆ!” ಅಂದೆ. ಆಗ ನಕ್ಕರು. ಆದರೆ ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. ಕುರ್ಚಿಯಲ್ಲಿ ಕುಸಿದು ಕೂತು, “ನಿಂಗೆ ತಮಾಷೆ. ನನಗೆ ಊಟ ಸೇರ್ತಿಲ್ಲ. ನಾಳೆ ಹೋಗಿ ಎಲ್ಲಾ ಕ್ಯಾನ್ಸಲ್ ಮಾಡ್ಬಿಡ್ತೀನಿ. ಗೊತ್ತಿಲ್ಲದ ದೇಶ, ಗೊತ್ತಿಲ್ಲದ ಮನುಷ್ಯ. ಮಕ್ಕಳು ಕೈತಪ್ಪಿ ಹೋಗೋದನ್ನ ನಾನೇ ಟಿಕೆಟ್ ತೆಗೆಸಿ ನೋಡ್ಲಾ?” ಅಂದರು. ಆ ಹೊತ್ತಿಗೆ ನನಗೂ ಭಯ ಹತ್ತಿತು. ಅನುಮಾನ ನೆಗಡಿಯ ಹಾಗೆ, ಒಂದೇ ಮನೆಯಲ್ಲಿದ್ದರೆ ಅಂಟಿಕೊಳ್ಳುತ್ತದೆ.

ಮರುದಿನ ಸಂಜೆ ನಾನು ಕೆಳಗಿನ ಮುಂದಿನ ಕೋಣೆಯಲ್ಲಿ ಪತ್ರಿಕೆ ಓದುತ್ತಿದ್ದೆ. ಅಕ್ಕ ಅಡುಗೆಮನೆಯಲ್ಲಿ, ಹುಡುಗಿಯರಿಬ್ಬರೂ ತಮ್ಮ ಕೋಣೆಯಲ್ಲಿ. ಭಾವ ಎಂದಿನಂತೆ ಸದ್ದಿಲ್ಲದೆ ಬಂದು ಹೊಸ್ತಿಲ ಹತ್ತಿರ ಬೂಟು ಬಿಚ್ಚುತ್ತಿದ್ದರು. ನಾನು ಬಿಟ್ಟರೆ ಯಾರೂ ನೋಡಿರಲಿಲ್ಲ. ಅಕ್ಕ ಒಳಗಿನಿಂದ ಕೂಗಿದಳು:

“ಕಾಫಿ ಎಷ್ಟು ಲೋಟ ಇಡ್ಲೇ? ಎಲ್ಲಾ ಬಂದಾಯ್ತಾ?”

ಕೋಣೆಯಿಂದ ಚಿಕ್ಕವಳು ಕೂಗಿ ಹೇಳಿದಳು: “ನಾಲ್ಕೇ ಇಡಮ್ಮಾ! ಅವರು ಇನ್ನೂ ಬಂದಿಲ್ಲ!”

ಭಾವನ ಕೈ ಬೂಟಿನ ದಾರದ ಮೇಲೆ ನಿಂತುಬಿಟ್ಟಿತು. ಅಡುಗೆಮನೆಯ ಕಡೆ ನೋಡಿದರು, ಒಂದು. ಹುಡುಗಿಯರ ಕೋಣೆಯ ಕಡೆ ನೋಡಿದರು, ಎರಡು, ಮೂರು. ನನ್ನ ಕಡೆ ನೋಡಿದರು, ನಾಲ್ಕು. ತಲೆ ಎಣಿಸುವುದರಲ್ಲಿ ಅವರನ್ನು ಮೀರಿಸುವವರು ಇಡೀ ಡಿಪೋದಲ್ಲೇ ಇಲ್ಲ. ಇನ್ನೂ ಬಾರದ ತಲೆ ಒಂದೇ ಇತ್ತು.

ನಾನು ಪತ್ರಿಕೆ ಕೆಳಗಿಟ್ಟೆ. ಭಾವ ತುಟಿ ಮಾತ್ರ ಆಡಿಸಿ, “ನಾನಾ?” ಅಂತ ನನ್ನನ್ನು ಕೇಳಿದರು. ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಆ ಮನುಷ್ಯನ ಮೇಲೆ ಅಷ್ಟು ವರ್ಷ ಉರಿದುಕೊಂಡವಳು ನಾನು, ಅವತ್ತು ಮಾತ್ರ ಆ ಹುಡುಗಿಯರಿಬ್ಬರ ಕಿವಿ ಹಿಂಡಬೇಕು ಅನ್ನಿಸಿತು.

ಭಾವ ಬೂಟು ಮತ್ತೆ ಹಾಕಿಕೊಂಡು ಹೊರಗೆ ಹೋದರು. ಗೇಟಿನ ತನಕ ಹೋಗಿ, ಗೇಟನ್ನು ಜೋರಾಗಿ ಸದ್ದು ಮಾಡಿ, ಕೆಮ್ಮಿಕೊಂಡು ಒಳಗೆ ಬಂದರು. ಐದನೇ ಲೋಟ ಬಂತು. ಅದನ್ನು ಕುಡಿದು ಮುಗಿಸಿದರು. ಆಮೇಲೆ ಮಕ್ಕಳಿಬ್ಬರನ್ನೂ ಕರೆದು ಎದುರಿಗೆ ಕೂರಿಸಿಕೊಂಡರು.

“ನಾನು ಯಾವಾಗಿಂದ ‘ಅವರು’ ಆದೆ?”

ಚಿಕ್ಕವಳು ತನ್ನಕ್ಕನ ಮುಖ ನೋಡಿದಳು. ದೊಡ್ಡವಳು ನೆಲ ನೋಡುತ್ತ ಹೇಳಿದಳು: “ಬಸ್ಸಲ್ಲಿ ಕಲ್ತಿದ್ದು ಅಪ್ಪ. ಚೆಕಿಂಗ್ ಇದ್ದಾಗ ಕಂಡಕ್ಟರ್ ಡ್ರೈವರ್‌ಗೆ ಹೇಳ್ತಾರಲ್ಲ, ‘ಮುಂದಿನ ಸ್ಟಾಪಲ್ಲಿ ಅವರಿದ್ದಾರೆ’ ಅಂತ. ಮೊದಲು ತಮಾಷೆಗೆ ಅಂತಿದ್ವಿ. ಈ ಟ್ರಿಪ್ ಶೀಟ್ ಬಂದ್ಮೇಲೆ... ಅದೇ ರೂಢಿಯಾಗೋಯ್ತು.”

ಆ ಮಾತು ಭಾವನಿಗೆ ಹೊಸದಲ್ಲ. ಇಪ್ಪತ್ತೆರಡು ವರ್ಷದಿಂದ ಬಸ್ಸು ಹತ್ತಿದಾಗಲೆಲ್ಲ ಕಿವಿಗೆ ಬಿದ್ದ ಮಾತು. ಅದು ತಮ್ಮ ಮನೆಯ ಒಳಕೋಣೆಯಲ್ಲಿ ಕೇಳಿದಾಗ ಮಾತ್ರ ಗುರುತು ಸಿಕ್ಕಿರಲಿಲ್ಲ.

“ನನಗೆ ತುಂಬಾ ನೋವಾಯ್ತಮ್ಮ” ಅಂದರು. ಅಷ್ಟೇ. ಗದರಲಿಲ್ಲ. ಗದರಿದ್ದರೆ ಹುಡುಗಿಯರಿಗೆ ಸುಲಭವಾಗುತ್ತಿತ್ತು.

ದೊಡ್ಡವಳು ಅಳುತ್ತಲೇ ಎಲ್ಲ ಹೇಳಿದಳು. ಅವಳಿಗೆ ಆ ರೈಲು ಬೇಕಿತ್ತು. ಹದಿನೇಳನೇ ದಿನ ಏನಾದರೂ ನೆಪ ಹೇಳಿ ಅಪ್ಪನನ್ನು ಆ ಊರಲ್ಲೇ ಉಳಿಸುವುದು, ದೊಡ್ಡವರೆಲ್ಲ ಆಮೇಲೆ ವಿಮಾನದಲ್ಲಿ ಬರಲಿ, ತಾವಿಬ್ಬರೂ ರೈಲಿನಲ್ಲಿ ಹೋಗಿ ಆಚೆ ತುದಿಯಲ್ಲಿ ಸೇರಿಕೊಳ್ಳುವುದು ಅಂತ ಯೋಚನೆ. “ಹಾಸ್ಟೆಲ್‌ಗೆ ಹೋಗೋ ಮುಂಚೆ ಒಂದೇ ಒಂದು ಸಲ, ಯಾರೂ ನನ್ನನ್ನ ಎಣಿಸ್ದೇ ಇರೋ ಕಡೆ ಕೂತ್ಕೋಬೇಕು ಅನ್ಸುತ್ತೆ ಅಪ್ಪ. ನೀನು ಬೇಡ ಅಂತಲ್ಲ...”

ಭಾವ ಎದ್ದು ಟ್ರಿಪ್ ಶೀಟಿನ ಕಟ್ಟು ತಂದರು. ಆಮೇಲೆ ಹದಿನೇಳನೆಯ ಹಾಳೆ, ಹದಿನೆಂಟನೆಯ ಹಾಳೆ ತೆಗೆದು ಅವಳ ಕೈಗೇ ಕೊಟ್ಟರು. “ಹೋಗಿ. ಚಿಕ್ಕಮ್ಮ ಜೊತೆಗಿರ್ಲಿ, ಅದೊಂದಕ್ಕೆ ಇಲ್ಲ ಅನ್ಬೇಡಿ. ನಾನು ಬರಲ್ಲ.”

ನಾವು ಮೂವರೂ ನಂಬಲಿಲ್ಲ. ಭಾವ ಮಾತಿಗೆ ತಪ್ಪುವವರು ಅಂತಲ್ಲ, ತಡೆದುಕೊಳ್ಳುವವರಲ್ಲ ಅಂತ. ಅಲ್ಲಿಂದ ಹೊರಡುವ ತನಕ ತನಿಖೆ ನಮ್ಮದಾಯಿತು. ಚಿಕ್ಕವಳು ಅಪ್ಪನ ಬ್ಯಾಗು ತಡಕಿ ರೈಲಿನ ವೇಳಾಪಟ್ಟಿ ಪತ್ತೆಹಚ್ಚಿದಳು. “ನೋಡು ಚಿಕ್ಕಮ್ಮ, ಇಲ್ಲಾಂದ್ರೆ ಇದು ಯಾಕೆ?” ನಾನು ಏಜೆಂಟಿಗೆ ಫೋನು ಮಾಡಿ ರೈಲಿಗೆ ಮೂರೇ ಟಿಕೆಟ್ಟು ತಾನೇ ಅಂತ ಎರಡು ಸಲ ಕೇಳಿದೆ. ಪಾಪದವನು ನಿಟ್ಟುಸಿರು ಬಿಟ್ಟು, “ನೀವೂನಾ ಮೇಡಂ?” ಅಂದ.

ಆ ದೇಶದಲ್ಲಿ ಮೊದಲ ಹದಿನಾರು ದಿನ ಹೇಗೆ ಕಳೆಯಿತು ಅಂತ ಬರೆಯಹೊರಟರೆ ಮುಗಿಯುವುದಿಲ್ಲ. ಆಕಾಶವೇ ಅಲ್ಲಿ ಬೇರೆ ಅಳತೆಯದು. ಐದೂ ನಲವತ್ತಕ್ಕೆ ಯಾರೂ ಏಳಲಿಲ್ಲ, ಭಾವ ಯಾರನ್ನೂ ಎಬ್ಬಿಸಲಿಲ್ಲ. ಹದಿನೇಳನೇ ದಿನ ಬೆಳಿಗ್ಗೆ ನಿಲ್ದಾಣಕ್ಕೆ ಬಂದು ನಮ್ಮನ್ನು ಹತ್ತಿಸಿದರು. ಬೋಗಿಯ ಮೆಟ್ಟಿಲ ಮೇಲೂ ಕಾಲಿಡಲಿಲ್ಲ. ಅಕ್ಕ ಕೈಬೀಸಿದಳು. ಭಾವ ಕೈಯನ್ನು ಜೇಬಿನಲ್ಲೇ ಇಟ್ಟುಕೊಂಡು ನಿಂತಿದ್ದರು. ಜನ ಅಡ್ಡ ಬಂದು, ರೈಲು ಹೊರಡುವ ಹೊತ್ತಿಗೆ ಇಬ್ಬರೂ ಕಾಣಿಸಲಿಲ್ಲ.

ಊರು ದಾಟುವ ಮೊದಲೇ ಚಿಕ್ಕವಳು ಎದ್ದಳು. “ಒಂದು ರೌಂಡ್ ನೋಡ್ಕೊಂಡು ಬರ್ತೀನಿ. ಹಿಂದಿನ ಬೋಗಿಲಿ ಇದ್ದೇ ಇರ್ತಾನೆ.” ಹೋದಳು, ಬಂದಳು, ಇಲ್ಲ ಅಂದಳು. ನಿನಗೆ ನೋಡೋಕೆ ಬರಲ್ಲ ಅಂತ ದೊಡ್ಡವಳು ಎದ್ದಳು. ಹನ್ನೊಂದು ಬೋಗಿಗಳನ್ನೂ, ಊಟದ ಬೋಗಿಯನ್ನೂ ಹುಡುಕಿ, ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದಿದ್ದ ಯಾರೋ ಒಬ್ಬ ಮುದುಕನ ಪತ್ರಿಕೆ ಸರಿಸಿ ನೋಡಿ ಕ್ಷಮೆ ಕೇಳಿ ಬಂದು ನನ್ನ ಪಕ್ಕ ಕೂತಳು. ಕಿಟಕಿಯಾಚೆ ಆಗಲೇ ಅವಳು ಆಸೆಪಟ್ಟ ಬಯಲು ಶುರುವಾಗಿತ್ತು. ಅವಳು ನೋಡಲಿಲ್ಲ.

“ನಿಜವಾಗ್ಲೂ ಬಂದಿಲ್ಲ ಚಿಕ್ಕಮ್ಮ.”

“ಬರಲ್ಲ ಅಂತ ಹೇಳಿದ್ರಲ್ಲೇ.”

“ಹೇಳಿದ್ದ. ಆದ್ರೂ...”

ನನ್ನ ಫೋನು ಕಿತ್ತುಕೊಂಡು ಕರೆ ಮಾಡಿದಳು. ತಂಗಿಗೂ ಕೇಳಲಿ ಅಂತ ಸ್ಪೀಕರಿಗೆ ಹಾಕಿದಳು. ಆ ಕಡೆ ಇನ್ನೂ ನಿಲ್ದಾಣದ ಗದ್ದಲವೇ ಕೇಳುತ್ತಿತ್ತು. ರೈಲು ಹೋಗಿ ಗಂಟೆಯ ಮೇಲಾದರೂ ಭಾವ ಪ್ಲಾಟ್‌ಫಾರ್ಮ್ ಬಿಟ್ಟು ಕದಲಿರಲಿಲ್ಲ.

“ಅಪ್ಪಾ, ಯಾಕೆ ಬರ್ಲಿಲ್ಲ ನೀನು?”

“ನೀವೇ ಬೇಡ ಅಂದ್ರಲ್ಲಮ್ಮ.”

“ಬೇಡ ಅಂದ್ಬಿಟ್ರೆ ಬರ್ದೇ ಇದ್ಬಿಡ್ತೀಯಾ? ಮುಂದಿನ ಸ್ಟೇಷನ್ನಲ್ಲಿ ಬಂದು ಹತ್ಕೋ ಅಪ್ಪ.”

ಆ ಕಡೆ ಜೇಬಿನಿಂದ ಹಾಳೆ ತೆಗೆದು ಬಿಡಿಸಿದ ಸದ್ದು ಕೇಳಿಸಿತು. “ಅದು ಹತ್ತೊಂಬತ್ತು ಗಂಟೆ ದೂರ ಮಗಳೇ” ಅಂದರು ಭಾವ. ಇನ್ನೂ ಏನೋ ಹೇಳುತ್ತಿದ್ದರು. ಅಷ್ಟರಲ್ಲಿ ಸಿಗ್ನಲ್ ಹೋಯಿತು.